ಕಚ್ಚುವ ಬೂಟು, ಸುಮ್ಮನಿರುವ ಕಾಲು

ಗುಡ್ಡ, ಹೊಲದ ಬದು, ಕಲ್ಲು ದಾರಿಗಳಲ್ಲಿ ಓಡುವುದಕ್ಕಂತಲೇ ಮಾಡಿದ ಬೂಟುಗಳಿಗೆ ಟ್ರೇಲ್ ಶೂ ಅಂತಾರೆ. ನಾನು ಐದಾರು ವರ್ಷದಿಂದ ಅವನ್ನು ಹಾಕಿಕೊಂಡು ಓಡುತ್ತೇನೆ ಅನ್ನೋದು ಆಫೀಸಿನಲ್ಲಿ ಗೊತ್ತಾದ ಮೇಲೆ, ಆಗಾಗ ಯಾರಾದರೊಬ್ಬರು ಬಂದು ಕೇಳುತ್ತಾರೆ: "ಯಾವುದು ತಗೊಳ್ಳಲಿ?" ಒಂದು ಕಂಪನಿ ಹೆಸರು ಹೇಳಿಬಿಟ್ಟರೆ ಅವರಿಗೂ ಸಮಾಧಾನ, ನನಗೂ ಬಿಡುಗಡೆ. ಆದರೆ ಆ ಪ್ರಶ್ನೆ ಕೇಳಿದಾಗೆಲ್ಲ ನನ್ನ ತಲೆಯಲ್ಲಿ ಬೇರೆಯದೇ ಒಂದು ಪ್ರಶ್ನೆ ಏಳುತ್ತದೆ. ಬೂಟು ಹಾಕಿ ನೋಡುತ್ತೇವಲ್ಲ, ಆಗ ಪರೀಕ್ಷೆ ನಡೆಯುವುದು ಯಾರಿಗೆ? ಬೂಟಿಗೋ, ಕಾಲಿಗೋ?

ಬೈಲಹೊಂಗಲ ಕಡೆಯ ಹಳ್ಳಿಯಲ್ಲಿ ನಾವು ಬೆಳೆಯುವಾಗ ಪರೀಕ್ಷೆ ಕಾಲಿಗೇ ಇತ್ತು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಮುಂಚೆ ಪೇಟೆಗೆ ಹೋಗಿ ಬೂಟು ತರುವುದು. ತರುವಾಗ ಒಂದೂವರೆ ನಂಬರು ದೊಡ್ಡದು. "ಬೆಳಿಯೂ ಹುಡುಗ" ಅನ್ನೋದು ಕಾರಣ. ಮೊದಲ ವರ್ಷ ಮುಂದೆ ಅರಿವೆ ತುರುಕಿಕೊಂಡು ನಡೆದಾಡಿದ್ದು, ಮೂರನೇ ವರ್ಷ ಹಿಂಬದಿ ತುಳಿದು ಚಪ್ಪಲಿ ಹಾಗೆ ಮಾಡಿಕೊಂಡು ನಡೆದಾಡಿದ್ದು. ನಡುವೆ ಯಾವುದೋ ಕೆಲವು ತಿಂಗಳು ಬೂಟು ಮತ್ತು ಕಾಲು ಒಂದೇ ಅಳತೆಗೆ ಬಂದಿದ್ದಿರಬೇಕು, ಅದು ನಮ್ಮ ಗಮನಕ್ಕೆ ಬರಲಿಲ್ಲ. ಬೂಟು ಕಚ್ಚಿದರೆ "ಹೊಸಾದು, ಕಚ್ಚೂದ" ಅನ್ನುತ್ತಿದ್ದರು. ಬೂಟಿನ ಮೇಲೆ ದೂರು ಹೇಳುವ ರೂಢಿ ಇರಲಿಲ್ಲ. ಈಗ ಸರ್ಕಾರಿ ಶಾಲೆ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಸಾಕ್ಸ್ ಕೊಡುತ್ತಾರೆ, ನಮ್ಮ ಕಾಲಕ್ಕೆ ಅದೂ ಇರಲಿಲ್ಲ.

ಈಗ ನಾನು ಬೂಟಿನಂಗಡಿಗೆ ಹೋದರೆ ಬೂಟಿನಲ್ಲೇ ತಪ್ಪು ಹುಡುಕುತ್ತೇನೆ. ಸಂಜೆ ಹೊತ್ತು ಹೋಗಬೇಕು, ಯಾಕಂದರೆ ದಿನವಿಡೀ ನಡೆದ ಪಾದ ಒಂಚೂರು ಊದಿರುತ್ತದೆ, ದೂರ ಓಡಿದಾಗಲೂ ಊದುತ್ತದೆ. ಓಡುವಾಗ ಹಾಕುವ ಸಾಕ್ಸೇ ಒಯ್ಯಬೇಕು. ಕೂತಲ್ಲ, ನಿಂತು ಅಳೆಯಬೇಕು, ಎರಡೂ ಕಾಲು ಅಳೆಯಬೇಕು, ದೊಡ್ಡ ಕಾಲಿನ ಮಾತು ಕೇಳಬೇಕು. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಬಿಡಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಮುಂದಕ್ಕೆ ಬಡಿದು ಬಡಿದು ಕಪ್ಪಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಅಂಗಡಿಯ ನುಣುಪು ಟೈಲ್ಸ್ ಮೇಲೆ ಐದು ನಿಮಿಷ ನಡೆದಾಡುವುದು ಪರೀಕ್ಷೆಯೇ ಅಲ್ಲ. ಕೋಡ್ ಬರೆದವನೇ ತನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ "ನಂದ್ರಾಗ ಓಡ್ತೈತ್ರಿ" ಅಂದ ಹಾಗೆ ಅದು.

ನಿಜವಾದ ಪರೀಕ್ಷೆಗೆ ನಮ್ಮ ನಾಲ್ಕು ತಾಲ್ಲೂಕಿನಷ್ಟು ಒಳ್ಳೆಯ ಜಾಗ ನನಗೆ ಬೇರೆ ಕಂಡಿಲ್ಲ. ಇಷ್ಟು ಕಡಿಮೆ ಅಂತರದಲ್ಲಿ ನೆಲ ಇಷ್ಟು ಸಲ ಬದಲಾಗುವುದು ಅಪರೂಪ. ಕಿತ್ತೂರ ಕಡೆ ಮಲೆನಾಡಿನ ಅಂಚು, ಕೆಂಪು ಮಣ್ಣು, ಮಳೆ ಜಾಸ್ತಿ. ಬೈಲಹೊಂಗಲಕ್ಕೆ ಬಂದರೆ ಎರಿ ಹೊಲ. ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದರೆ ಕಲಾದಗಿ ಮರಳುಗಲ್ಲಿನ ಬೋಳು ಗುಡ್ಡಗಳು, ಕಾಲಡಿ ಸಡಿಲ ಗರಸು. ಸೊಗಲದ ಜಲಪಾತದ ಹತ್ತಿರ ಪಾಚಿಗಟ್ಟಿದ ಕಲ್ಲು.

ಇವುಗಳಲ್ಲಿ ಬೂಟಿನ ಸೊಕ್ಕು ಮುರಿಯುವುದು ಎರಿ ಮಣ್ಣು. ಒಂದು ಹದ ಮಳೆಯಾದ ಮರುದಿನ ಹೊಲದ ದಾರಿಗೆ ಇಳಿದು ನೋಡಿ. ಹತ್ತು ಹೆಜ್ಜೆಗೆ ಬೂಟಿನಡಿ ಒಂದು ಪದರು, ಇಪ್ಪತ್ತು ಹೆಜ್ಜೆಗೆ ಎರಡು. ನೂರು ಹೆಜ್ಜೆ ಆಗುವಷ್ಟರಲ್ಲಿ ಒಂದೊಂದು ಕಾಲಿಗೆ ಒಂದೊಂದು ರೊಟ್ಟಿ ಹಿಟ್ಟಿನ ಮುದ್ದೆ ಕಟ್ಟಿಕೊಂಡ ಹಾಗೆ. ಟ್ರೇಲ್ ಶೂ ಅಡಿಯಲ್ಲಿ ರಬ್ಬರಿನ ಹಲ್ಲುಗಳಿರುತ್ತವೆ. ಹಾಳತವಾದ ದಾರಿಗೆ ಮೂರು-ನಾಲ್ಕು ಮಿಲಿಮೀಟರಿನ ಹಲ್ಲು ಸಾಕು, ಕೆಸರಿಗೆ ಐದಕ್ಕಿಂತ ಹೆಚ್ಚು ಬೇಕು ಅಂತಾರೆ. ಎರಿ ಮಣ್ಣಿನಲ್ಲಿ ಹಲ್ಲಿನ ಎತ್ತರಕ್ಕಿಂತ ಹಲ್ಲಿನ ನಡುವಿನ ಸಂದು ಮುಖ್ಯ. ಸಂದು ಅಗಲ ಇದ್ದರೆ ಮಣ್ಣು ಉದುರುತ್ತದೆ, ಇಕ್ಕಟ್ಟಾಗಿದ್ದರೆ ಅಲ್ಲೇ ಮನೆ ಮಾಡುತ್ತದೆ. ರಾಮದುರ್ಗದ ಕಲ್ಲಿನ ಮೇಲೆ ಇದೆಲ್ಲ ತಿರುವುಮುರುವು. ಅಲ್ಲಿ ಎತ್ತರದ ಹಲ್ಲು ಅಲುಗಾಡುತ್ತದೆ, ಮೆತ್ತನೆಯ ಅಂಟು ರಬ್ಬರು ಬೇಕು, ಅಡಿಯೊಳಗೆ ಚೂಪು ಕಲ್ಲು ತಾಗದಂತೆ ಒಂದು ತೆಳುವಾದ ಗಟ್ಟಿ ತಗಡಿನಂಥ ಪದರು ಇದ್ದರೆ ಒಳ್ಳೆಯದು. ಬಳ್ಳಾರಿ ಜಾಲಿ ಮುಳ್ಳಿಗೆ ಮಾತ್ರ ಯಾವ ಕಂಪನಿಯ ಬೂಟೂ ಉತ್ತರ ಕೊಟ್ಟಿದ್ದು ನಾನು ನೋಡಿಲ್ಲ. ಅಡಿಯಲ್ಲಿ ಚುಚ್ಚಿ ಅಲ್ಲೇ ಮುರಿದು ಕೂತು, ಮೂರನೇ ಓಟಕ್ಕೆ ಒಳಗೆ ತಲೆ ಎತ್ತುತ್ತದೆ.

ಇನ್ನು ಪಂಡಿತರ ಸಲಹೆ. 2009ರಲ್ಲಿ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಅವರ 'ಬಾರ್ನ್ ಟು ರನ್' ಪುಸ್ತಕ ಬಂತು. ಮೆಕ್ಸಿಕೋದ ತಾರಾಹುಮಾರ ಜನ ತೆಳು ಚಪ್ಪಲಿಯಲ್ಲಿ ಓಡುವ ಕಥೆ ಓದಿ ಅರ್ಧ ಅಮೆರಿಕ ಬೂಟು ಬಿಚ್ಚಿತು. ಅದೇ 2009ರಲ್ಲಿ ಫ್ರಾನ್ಸಿನಲ್ಲಿ ಹೋಕಾ ಶುರುವಾಯಿತು. ಅವರದು ಹಾಸಿಗೆಯಷ್ಟು ದಪ್ಪ ಅಡಿ. ಕೆಲವೇ ವರ್ಷದಲ್ಲಿ ಬರಿಗಾಲಿನ ಅಲೆ ಇಳಿದು ಎಲ್ಲರೂ ದಪ್ಪ ಅಡಿಯ ಹಿಂದೆ ಬಿದ್ದರು. ಬರಿಗಾಲಿನ ಪರ ಮಾತಾಡುವವರು ಅಬೆಬೆ ಬಿಕಿಲಾನ ಹೆಸರು ತೆಗೆಯದೆ ಬಿಡುವುದಿಲ್ಲ. ಇಥಿಯೋಪಿಯಾದ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಅನ್ನು ಬರಿಗಾಲಲ್ಲಿ ಗೆದ್ದದ್ದು ನಿಜ. ಆದರೆ ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಅದೇ ಮನುಷ್ಯ ಬೂಟು ಹಾಕಿಕೊಂಡು, ಇನ್ನೂ ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದ. ರೋಮಿನಲ್ಲಿ ಅವನು ಬರಿಗಾಲಲ್ಲಿ ಓಡಿದ್ದು ಸಿದ್ಧಾಂತಕ್ಕಲ್ಲ, ಅಲ್ಲಿ ಸಿಕ್ಕ ಬೂಟು ಕಾಲಿಗೆ ಹೊಂದಲಿಲ್ಲ ಅಂತ. ಅಂದರೆ ಅವನು ಬೂಟನ್ನು ಫೇಲ್ ಮಾಡಿದ. ನನಗೆ ಬಿಕಿಲಾನ ಕಥೆಯಲ್ಲಿ ಹಿಡಿಸುವುದು ಇದೇ ಭಾಗ.

ಪಾದದ ಕಮಾನು ನೋಡಿ, ಎತ್ತರವೋ ಚಪ್ಪಟೆಯೋ ಅಂತ ಗುರುತಿಸಿ ಅದಕ್ಕೆ ತಕ್ಕ ಬೂಟು ಕೊಡುವ ಪದ್ಧತಿ ಬಹಳ ವರ್ಷ ನಡೆಯಿತು. ಅಮೆರಿಕದ ಸೇನೆಯವರು ಹೊಸದಾಗಿ ಸೇರಿದ ಸೈನಿಕರ ಮೇಲೆ ಅದನ್ನು ಪರೀಕ್ಷಿಸಿ ನೋಡಿದರು. ಕಮಾನು ನೋಡಿ ಬೂಟು ಕೊಟ್ಟವರಿಗೂ, ಎಲ್ಲರಿಗೂ ಒಂದೇ ಥರದ್ದು ಕೊಟ್ಟವರಿಗೂ ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 2015ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಅವರ ಜೊತೆಯವರು ಒಂದು ವಾದ ಮುಂದಿಟ್ಟರು: ಅಳತೆ, ಕೋನ, ಯಂತ್ರ ಎಲ್ಲ ಬದಿಗಿಟ್ಟು ಹಾಕಿಕೊಂಡವನಿಗೆ ಯಾವುದು ಹಿತ ಅನಿಸುತ್ತದೋ ಅದನ್ನೇ ತಗೊಳ್ಳಲಿ, ಸೋಸುವುದಕ್ಕೆ ಅದೇ ಒಳ್ಳೆಯ ಜರಡಿ. ನಲವತ್ತು ವರ್ಷ ಬೂಟು ಅಳೆದವರು ಕೊನೆಗೆ ನಮ್ಮ ಅಜ್ಜಿ ಹೇಳುವ ಮಾತಿಗೆ ಬಂದು ನಿಂತರಲ್ಲ ಅಂತ ಓದಿ ನಗು ಬಂತು.

ನಗು ಮುಗಿದ ಮೇಲೆ ತೊಡಕು ಕಾಣಿಸಿತು. ಹಿತ ಅನ್ನೋದು ಜರಡಿ ಆಗಬೇಕಾದರೆ, ಅಹಿತ ಆದಾಗ ಅಹಿತ ಅನ್ನಲು ಬರಬೇಕು. ಅದು ಎಲ್ಲರಿಗೂ ಬರುತ್ತದೆಯೇ?

ಅಪ್ಪನನ್ನೇ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ಎತ್ತು ಇದ್ದಾಗ, ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುವ ಮುಂಚೆ ಅವಕ್ಕೆ ನಾಲ ಬಡಿಸುವುದು ತಪ್ಪುತ್ತಿರಲಿಲ್ಲ. ನಾಲಬಂದ ಬಂದು ಎತ್ತನ್ನು ಹಗ್ಗ ಹಾಕಿ ಕೆಡವಿ, ಗೊರಸು ಕೆತ್ತಿ, ಮೊಳೆ ಹೊಡೆಯುವುದನ್ನು ನಾವು ಹುಡುಗರು ಸುತ್ತ ನಿಂತು ನೋಡುತ್ತಿದ್ದೆವು. ಅದರ ರೊಕ್ಕಕ್ಕೆ ಅಪ್ಪ ಹಿಂದೆ ಮುಂದೆ ನೋಡಿದ್ದಿಲ್ಲ. ಎತ್ತು ಕುಂಟಿದರೆ ಬದುಕು ಕುಂಟುತ್ತದೆ. ತನಗೆ ಕಾಲ್ಮರಿ ತಗೊಳ್ಳುವ ಮಾತು ಬಂದರೆ ಮಾತ್ರ "ಇರಲಿ ತಗೋ, ಇವ ಇನ್ನ ಒಂದ ವರ್ಷ ಬರ್ತಾವ" ಅನ್ನುತ್ತಿದ್ದ. ಎತ್ತಿನ ಕುಂಟನ್ನು ದೂರದಿಂದ ಗುರುತು ಹಿಡಿಯುವ ಮನುಷ್ಯ ತನ್ನ ಕುಂಟನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಇದನ್ನು ತ್ಯಾಗ ಅಂತ ಕರೆದು ಕೈ ಮುಗಿಯುವವರಿದ್ದಾರೆ. ನನಗೆ ಅಷ್ಟು ಸಲೀಸಾಗಿ ಕೈ ಮುಗಿಯಲು ಆಗುವುದಿಲ್ಲ. ಬಡತನ ಕಾಲಿಗೆ ಕಲಿಸುವ ಮೊದಲ ಪಾಠ ಸುಮ್ಮನಿರು ಅನ್ನೋದು, ಮತ್ತು ಅದನ್ನು ಕಲಿತ ಕಾಲು ರೊಕ್ಕ ಬಂದ ಮೇಲೂ ಮಾತಾಡುವುದಿಲ್ಲ.

ಅಪ್ಪನದಕ್ಕಿಂತ ಕಠಿಣ ಪಾಠ ಕಲಿತ ಕಾಲುಗಳೂ ನಮ್ಮ ಊರುಗಳಲ್ಲಿದ್ದವು. ಮೇಲಿನವರ ಓಣಿ ಬಂದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ದಾಟಬೇಕಾದವರು. ಅದರಲ್ಲಿ ಚಪ್ಪಲಿ ಹೊಲಿಯುವವರೂ ಇದ್ದರು. ಪುರಾಣ ಪ್ರವಚನಗಳಲ್ಲಿ ಹರಳಯ್ಯನ ಕಥೆ ಬರುತ್ತದಲ್ಲ: ತಾನು ಒಂದು ಸಲ ಶರಣು ಅಂದದ್ದಕ್ಕೆ ಬಸವಣ್ಣ ಎರಡು ಸಲ ಶರಣು ಅಂದ ಅಂತ ಆ ಋಣ ತೀರಿಸಲು, ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಕೇಳುವಾಗ ಎಲ್ಲರ ಕಣ್ಣೂ ಒದ್ದೆಯಾಗುತ್ತವೆ. ನನಗೆ ಪ್ರತಿಸಲ ಒಂದು ಸಣ್ಣ ತಲೆಹರಟೆ ಹೊಳೆಯುತ್ತದೆ: ಆವತ್ತು ಹರಳಯ್ಯ ಮನೆಗೆ ಹೋಗುವಾಗ ಅವನ ಕಾಲಲ್ಲಿ ಏನಿತ್ತು? 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿವೆ. ಅಥಣಿ, ನಿಪ್ಪಾಣಿಯ ಮನೆಗಳಲ್ಲಿ ಹೊಲಿದ ಚಪ್ಪಲಿ ಎಲ್ಲೆಲ್ಲಿಗೋ ಹೋಗುತ್ತದೆ. ಹೊಲಿದವರ ಕಾಲಿಗೆ ಅವು ಬಂದದ್ದು ಅಪರೂಪ.

ಹಾಗಾಗಿ ಹನ್ನೆರಡು ಸಾವಿರದ ಬೂಟು ಹಾಕಿ "ಹೆಬ್ಬೆರಳ ಹತ್ರ ಸ್ವಲ್ಪ ಬಿಗಿ, ಬ್ಯಾಡ" ಅಂದಾಗ ಅದನ್ನು ಬರೀ ಶೋಕಿ ಅಂತ ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ವಸ್ತುವಿನ ಮೇಲೆ ತಪ್ಪು ಹೊರಿಸುವ ಹಕ್ಕು ಸಿಗುವುದಕ್ಕೆ ನಮ್ಮಂಥ ಮನೆಗಳಿಗೆ ಎರಡು ಮೂರು ತಲೆಮಾರು ಹಿಡಿದಿದೆ. ಬೆಲೆ ಜಾಸ್ತಿ ಅನ್ನಿ, ಒಪ್ಪುತ್ತೇನೆ. ಒಂದು ಬೂಟು ಸವೆಯುವ ಮುಂಚೆ ಮೂರು ಕೊಳ್ಳುವುದು ಹುಚ್ಚು ಅನ್ನಿ, ಅದೂ ಸರಿ. ಬಿಗಿ ಇದ್ದದ್ದನ್ನು ಬಿಗಿ ಅನ್ನೋದು ಬೇರೆ ಮಾತು.

ಅಪ್ಪನಿಗೆ ಈಗ ಹತ್ತು ವರ್ಷದಿಂದ ಶುಗರ್. ಹೋದ ವರ್ಷ ಡಾಕ್ಟರು ಅವನ ಪಾದ ಪರೀಕ್ಷೆ ಮಾಡಿದರು. ಒಂದು ಕಡ್ಡಿಯ ತುದಿಗೆ ನೈಲಾನ್ ಎಳೆ, ಒತ್ತಿದಾಗ ಹತ್ತು ಗ್ರಾಂ ಭಾರಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಸಿ ಪಾದದ ಅಡಿ ಅಲ್ಲಲ್ಲಿ ಒತ್ತುತ್ತಾರೆ, ತಾಗಿದಾಗ ಹೂಂ ಅನ್ನಬೇಕು. ಬಲಗಾಲಿನ ಎರಡು ಕಡೆ ಒತ್ತಿದಾಗ ಅಪ್ಪ ಸುಮ್ಮನೇ ಕೂತಿದ್ದ. ಅದಕ್ಕೂ ಮುಂಚೆ ಒಂದು ಸಲ ನೆಗ್ಗಿಲ ಮುಳ್ಳು ಎರಡು ದಿನ ಅಲ್ಲೇ ಇದ್ದದ್ದನ್ನು ಅವ್ವ ನೋಡಿ ತೆಗೆದಿದ್ದಳು. ನಮ್ಮ ಕೆಲಸದಲ್ಲಿ ಹೊಸಬರಿಗೆ ಹೇಳಿಕೊಡುವ ಒಂದು ಮಾತಿದೆ. ಲಾಗ್ ಫೈಲಿನಲ್ಲಿ ಒಂದೂ ಎರರ್ ಇಲ್ಲದಿದ್ದರೆ ಖುಷಿಪಡುವ ಮುಂಚೆ, ಲಾಗಿಂಗ್ ಆನ್ ಇದೆಯಾ ಅಂತ ನೋಡು. ಅಪ್ಪನ ಕಾಲು ಮೊದಲು ಮಾತಾಡಬಾರದು ಅಂತ ಸುಮ್ಮನಿತ್ತು, ಈಗ ಮಾತಾಡಲಾರದೆ ಸುಮ್ಮನಿದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಇಂಥವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು ಅಂತ ವೈದ್ಯರು ಹೇಳುತ್ತಾರೆ. ಮನೆಗೆ ಎಂಸಿಆರ್ ಚಪ್ಪಲಿ, ಅಂದರೆ ಒಳಗೆ ಸಣ್ಣ ಸಣ್ಣ ಗಾಳಿಗೂಡುಗಳಿರುವ ಮೆತ್ತನೆ ರಬ್ಬರಿನದು, ತಂದಾಯಿತು. ಹೊಲಕ್ಕೆ, ಗುಡ್ಡಕ್ಕೆ ಏನು? ಬೇಕಾದದ್ದು ಒಳಗೆ ಮೆತ್ತಗೆ, ಅಡಿ ಗಟ್ಟಿ, ಬೆರಳಿಗೆ ಅಗಲ ಜಾಗ, ಒಳಗೆ ಉಜ್ಜುವ ಹೊಲಿಗೆ ಇರಬಾರದು. ಈ ಪಟ್ಟಿ ಹಿಡಿದು ಹುಡುಕಿದರೆ ಸಿಗುವುದು ಅಗಲ ಮೂತಿಯ ಟ್ರೇಲ್ ಶೂ. ಬರಿಗಾಲಲ್ಲಿ ನಡೆದು ನಡೆದು ಬೆರಳು ಬೀಸಣಿಕೆ ಹಾಗೆ ಬಿಚ್ಚಿಕೊಂಡ ಅಪ್ಪನಂಥವರ ಪಾದದ ಆಕಾರವನ್ನು ಈಗ 'ನ್ಯಾಚುರಲ್' ಅಂತ ಹೆಸರಿಟ್ಟು ಪಟ್ಟಣದವರಿಗೆ ಮಾರುತ್ತಿದ್ದಾರೆ ಅನ್ನೋದು ಬೇರೆ ಕಥೆ.

ಬೆಳಗಾವಿಯ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಎಂಟನೇ ನಂಬರು ಹಾಕಿಸಿ ಅಂಗಡಿಯ ಹುಡುಗ ಕೇಳಿದ, "ಹೆಂಗೈತ್ರಿ ಕಾಕಾ?"

"ಬರೋಬರಿ ಐತಿ."

ಒಂಬತ್ತು ಹಾಕಿಸಿದ. ಬರೋಬರಿ ಐತಿ. ಹತ್ತು. ಅದೂ ಬರೋಬರಿ. ಹುಡುಗ ನನ್ನ ಮುಖ ನೋಡಿದ.

ಆಮೇಲೆ ಕೇಳುವುದನ್ನು ಬಿಟ್ಟು ಕಣ್ಣು ಕೈಯಿಂದ ಪರೀಕ್ಷೆ ಶುರು ಮಾಡಿದೆ. ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಗೆರೆ ಎಳೆದೆ. ಬೂಟಿನೊಳಗಿನ ಹಾಸು ತೆಗೆದು ಆ ಗೆರೆಯ ಮೇಲಿಟ್ಟೆ. ಬೆರಳು ಹಾಸಿನ ಹೊರಗೆ ಬಂದರೆ ಆ ಬೂಟು ಫೇಲ್. ಒಳಗೆ ಕೈ ಹಾಕಿ ಹೊಲಿಗೆ ತಡವಿದೆ. ಒಂಬತ್ತೂವರೆ ನಂಬರಿನ ಒಂದು ಜೋಡಿ ಇದರಲ್ಲಿ ಪಾಸಾಯಿತು. ಊರಿಗೆ ತಂದ ಮೇಲೆ ಮೊದಲ ದಿನ ಹತ್ತೇ ನಿಮಿಷ ಹಾಕಿಸಿ, ಬಿಚ್ಚಿ, ಎಲ್ಲಾದರೂ ಕೆಂಪಾಗಿದೆಯಾ ಅಂತ ನೋಡುವುದು. ಮರುದಿನ ಇಪ್ಪತ್ತು ನಿಮಿಷ. ಅಪ್ಪನಿಗೆ ಇದರಿಂದ ಭಾರೀ ಮುಜುಗರ. ಮಗ ಕಾಲು ಹಿಡಿದು ತಿರುಗಿಸಿ ನೋಡುವುದು ಅವನಿಗೆ ಯಾವ ಲೆಕ್ಕದಲ್ಲೂ ಸರಿ ಕಾಣಲಿಲ್ಲ. "ಎತ್ತಿನ ಗೊರಸ ನೋಡಿದಂಗ ನೋಡ್ತಿಯಲ್ಲೋ" ಅಂದ. ಹೌದು, ಹಾಗೇ ನೋಡಿದ್ದು.

ಜಗಳ ಬಂದದ್ದು ಭಾರತ ಹುಣ್ಣಿಮೆಯ ವಿಷಯಕ್ಕೆ. ಆ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಉಧೋ ಉಧೋ ಅನ್ನುತ್ತ ನಡೆದೇ ಬರುವವರು, ಬರಿಗಾಲಿನವರು ಎಷ್ಟೋ. ಅಪ್ಪನದು ಬಹಳ ವರ್ಷದ ನಡಿಗೆ. ಬೂಟು ಹಾಕಿಕೊಂಡು ಗುಡ್ಡ ಹತ್ತು ಅಂದರೆ ಅವನು ಮಾತೇ ಆಡಲಿಲ್ಲ. ನಾನು ನನ್ನ ತರ್ಕ ಹೂಡಿದೆ. ಬರಿಗಾಲ ಹರಕೆಯ ಅರ್ಥ ದೇವಿಗಾಗಿ ನೋವು ತಡೆದುಕೊಳ್ಳುವುದು ಅಲ್ಲವಾ? ನಿನ್ನ ಕಾಲಿಗೆ ಈಗ ನೋವೇ ಗೊತ್ತಾಗುವುದಿಲ್ಲ. ಗೊತ್ತಾಗದ ನೋವನ್ನು ದೇವಿಗೆ ಕೊಟ್ಟರೆ ಏನು ಕೊಟ್ಟ ಹಾಗಾಯಿತು?

ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ನೂಸಲಿ ಅಂತ ಯಾರ ಹೊಕ್ಕಾರೋ ತಮ್ಮಾ? ಕಾಲ ಆ ನೆಲಕ್ಕ ಹತ್ತಲಿ ಅಂತ ಹೋಗೂದು."

"ಹತ್ತಿದ್ದು ಕಾಲಿಗೆ ಗೊತ್ತ ಆಗೂದಿಲ್ಲಲ್ಲಪ್ಪ."

"ಕಾಲಿಗೆ ಗೊತ್ತಾಗದಿದ್ರ ಏನಾತು? ನನಗ ಗೊತ್ತಿರ್ತೈತಲ್ಲ."

ಈ ಮಾತನ್ನು ನಾನು ಬಹಳ ದಿನ ತಿರುವಿ ಹಾಕಿದ್ದೇನೆ. ನಾನು ಬರಿಗಾಲನ್ನು ನೋವಿನ ಲೆಕ್ಕದಲ್ಲಿ ಓದುತ್ತಿದ್ದರೆ ಅವನು ಮುಟ್ಟುವ ಲೆಕ್ಕದಲ್ಲಿ ಓದುತ್ತಿದ್ದ. ನಾನೂ ಓಡುವಾಗ ತೆಳು ಅಡಿಯ ಬೂಟು ಇಷ್ಟಪಡುವುದು ನೆಲ ತಿಳಿಯಲಿ ಅಂತಲೇ. ದಪ್ಪ ಅಡಿಯಲ್ಲಿ ಕಿತ್ತೂರೂ ರಾಮದುರ್ಗವೂ ಒಂದೇ. ಮತ್ತೆ ಅವನು ಹೇಳಿದ್ದರಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಚರ್ಮಕ್ಕೆ ತಿಳಿಯದ್ದು ಮನುಷ್ಯನಿಗೆ ತಿಳಿದಿರಬಹುದು. ಇದನ್ನು ಸುಳ್ಳು ಅನ್ನಲು ನನ್ನ ಹತ್ತಿರ ಏನೂ ಇಲ್ಲ. ಆದರೆ ನೆಗ್ಗಿಲ ಮುಳ್ಳಿಗೆ ಈ ತತ್ವ ತಿಳಿಯುವುದಿಲ್ಲ. ಗಾಯ ಕೊಳೆತರೆ ಬೆರಳು ಹೋಗುತ್ತದೆ, ಕೆಲವರಿಗೆ ಪಾದವೇ. ಹರಕೆ ಅವನದು, ಕಾಲೂ ಅವನದೇ, ಅಲ್ಲಿಗೆ ನನ್ನ ಮಾತು ಮುಗಿಯಬೇಕು ಅನ್ನುವವರಿಗೆ ನನ್ನ ಪ್ರಶ್ನೆ ಒಂದೇ: ತನ್ನ ಕಾಲಿನ ಬಗ್ಗೆ ಒಂದು ಸಲವೂ ದೂರು ಹೇಳಲು ಬಿಡದೆ ಬೆಳೆಸಿದ ಮನುಷ್ಯನಿಗೆ, ಅರವತ್ತೆಂಟನೇ ವಯಸ್ಸಿನಲ್ಲಿ ನೀನೇ ತೀರ್ಮಾನ ಮಾಡು ಅನ್ನೋದು ಗೌರವವೋ, ಕೈ ತೊಳೆದುಕೊಳ್ಳುವುದೋ? ಎರಡೂ ಇರಬಹುದು. ಬಲವಂತ ಮಾಡಲು ನನಗೆ ಮನಸ್ಸಿಲ್ಲ, ಬಿಟ್ಟುಬಿಡಲೂ ಮನಸ್ಸಿಲ್ಲ.

ಸದ್ಯಕ್ಕೆ ಮಾತುಕತೆ ಇಷ್ಟಕ್ಕೆ ಬಂದಿದೆ. ಹೊಲಕ್ಕೆ ಬೂಟು ಹಾಕುತ್ತಾನೆ, ಅದರಲ್ಲಿ ತಕರಾರಿಲ್ಲ. ಹೋದ ತಿಂಗಳು ಫೋನಿನಲ್ಲಿ, ಮಳೆ ಬೆಳೆ ಎಲ್ಲ ಮುಗಿದ ಮೇಲೆ, "ಎಡಗಾಲಿಂದ ಹಿಂಬಡದ ಹಂತ್ಯಾಕ ತಟಗ ಉಜ್ಜತೈತಿ ನೋಡ" ಅಂದ. ನಾನು ಆ ಬೂಟಿಗೆ ಹಿಂದೆಂದೂ ಇಷ್ಟು ಬೆಲೆ ಕೊಟ್ಟಿರಲಿಲ್ಲ. ಗುಡ್ಡದ ಮಾತಿಗೆ, ಜೋಗುಳಬಾವಿತನಕ ಬೂಟು, ಅಲ್ಲಿ ಮಿಂದ ಮೇಲೆ ಬರಿಗಾಲು ಅನ್ನೋದು ಅವನ ಲೆಕ್ಕ. ಅಲ್ಲಿಂದ ಮುಂದೆಯೇ ಒಡೆದ ಕಾಯಿ ಚಿಪ್ಪು, ಗಾಜು, ಕಲ್ಲು ಜಾಸ್ತಿ ಅನ್ನೋದು ನನ್ನ ಲೆಕ್ಕ. ಅವ್ವ ಮೂರನೆಯದೊಂದು ಹೇಳಿದ್ದಾಳೆ: ಜೋಗುಳಬಾವಿಯಿಂದ ದಪ್ಪ ಸಾಕ್ಸ್ ಹಾಕಿಕೊಂಡು ಹತ್ತಲಿ, ಅದು ಚರ್ಮದ್ದಲ್ಲ, ರಬ್ಬರಿನದಲ್ಲ, ಅರಿವೆ, ಎಲ್ಲವ್ವ ಅರಿವೆಗೆ ಏನೂ ಅನ್ನೋದಿಲ್ಲ. ಸಾಕ್ಸು ಮುಳ್ಳು ತಡೆಯುವುದಿಲ್ಲ ಅಂದೆ. "ಬಿಳೇವ ತಗೊಂಬಾ," ಅಂದಳು, "ರಗತ ಬಂದ್ರ ಕಾಣತೈತಿ."

ಆರು ಜೊತೆ ಬಿಳಿ ಸಾಕ್ಸು ತಂದಿಟ್ಟಿದ್ದೇನೆ. ಅಪ್ಪ ಇನ್ನೂ ಹೂಂ ಅಂದಿಲ್ಲ.